ಬುಡದ ನೀರು ಚೆಲ್ಲಿದ ನನ್ನ ಅತ್ತೆಯ ಪರವಾಗಿ

ನಮ್ಮ ದೂರನ್ನು ವಿಚಾರಿಸಿ, ಮುಗಿಸಿ, ಕಡತಕ್ಕೆ ದಾರ ಕಟ್ಟಿದ ಅಧಿಕಾರಿಗಳಿಗೆ,

ಮಾನ್ಯರೇ,

ಮನೆಯಲ್ಲಿ ಮಕ್ಕಳು ಆಡುವ ಸಾಮಾನು ಮಗುವಿನ ಮೇಲೆ ಬಿದ್ದು ಜೀವ ತೆಗೆದರೆ ಅದಕ್ಕೆ ಹೊಣೆ ಯಾರು ಎಂದು ನಾನು ನಿಮ್ಮನ್ನು ಕೇಳಿದ್ದೆ. ತಯಾರಿಸಿದವನೋ, ತರಿಸಿದವನೋ, ಮಾರಿದವನೋ, ಮಾರಲು ಬಿಟ್ಟ ಸರಕಾರವೋ ಎಂದು ಬಿಡಿಸಿಯೇ ಕೇಳಿದ್ದೆ. ನೀವು ಬಹಳ ಯೋಚಿಸಿ ಉತ್ತರ ಕೊಟ್ಟಿರಿ. "ಕುಟುಂಬದ ಹಿರಿಯ ಮಹಿಳಾ ಸದಸ್ಯರ ನಿರ್ಲಕ್ಷ್ಯದಿಂದ ಸದರಿ ಘಟನೆ ಸಂಭವಿಸಿರುವುದು ಕಂಡುಬಂದಿರುವುದರಿಂದ ದೂರನ್ನು ಮುಕ್ತಾಯಗೊಳಿಸಲಾಗಿದೆ" ಎಂದು ಬರೆದು, ಸಹಿ ಮಾಡಿ, ಕೆಳಗೆ ನೀಲಿ ಶಿಕ್ಕಾ ಒತ್ತಿ ಕಳಿಸಿದಿರಿ. ಆ ಹಿರಿಯ ಮಹಿಳಾ ಸದಸ್ಯರಿಗೆ ಒಂದು ಹೆಸರಿದೆ. ಫಕೀರವ್ವ. ಆಕೆ ನನ್ನ ಅತ್ತೆ. ಸದರಿ ಘಟನೆಗೂ ಒಂದು ಹೆಸರಿತ್ತು. ಅರ್ಚನಾ. ಆರನೇ ತರಗತಿ ಓದುತ್ತಿದ್ದ ನನ್ನ ಹಿರಿ ಮಗಳು.

ಸೊಸೆಯೊಬ್ಬಳು ಅತ್ತೆಯ ಪರ ವಹಿಸಿಕೊಂಡು ಸರಕಾರದ ಜೊತೆ ಜಗಳಕ್ಕೆ ನಿಂತಿದ್ದಾಳೆ ಎಂದರೆ ನಿಮ್ಮ ಕಚೇರಿಯಲ್ಲಿ ಚಹಾದ ಹೊತ್ತಿಗೆ ನಗೆಯಾದೀತು. ಆಗಲಿ. ನಾನು ಮೂಡಲಗಿ ತಾಲ್ಲೂಕಿನ ತುಕ್ಕಾನಟ್ಟಿಯವಳು. ತವರು ಹುಕ್ಕೇರಿ ತಾಲ್ಲೂಕಿನ ನಿಡಸೋಸಿ. ಊರ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುತ್ತೇನೆ. ಪೇಪರಿನಲ್ಲಿ ಬರುವ ಬಹಿರಂಗ ಪತ್ರಗಳನ್ನು ಕತ್ತರಿಸಿ ಹಲಗೆಗೆ ಅಂಟಿಸುವುದು ನನ್ನ ಕೆಲಸದಲ್ಲಿ ಒಂದು. ಬರೆದವರ ಕನ್ನಡ ಚೆಂದ ಇದೆಯೇ ಎಂದು ನೋಡಿ ಅಂಟಿಸುತ್ತಿದ್ದೆ. ಅವರ ಸಂಕಟ ಎಷ್ಟಿದ್ದೀತು ಎಂದು ಒಂದು ದಿನವೂ ಯೋಚಿಸಿದವಳಲ್ಲ. ಆ ಶಿಕ್ಕಾದ ಕಾಗದ ಬಂದ ನಂತರ ನಿಮಗೆ ಲಕೋಟೆಯಲ್ಲಿಟ್ಟು ಕಳಿಸಿದ ಪತ್ರಗಳಿಗೆ ಉತ್ತರ ಬಾರದ ಮೇಲೆ, ನಾಲ್ಕು ಮಂದಿ ಓದುವ ಜಾಗದಲ್ಲಿ ಬರೆಯದೆ ದಾರಿ ಇಲ್ಲ ಎಂದು ಈಗ ತಿಳಿದಿದೆ.

ನೀವು ಸಂಕ್ಷಿಪ್ತವಾಗಿ ಬರೆದ ಘಟನೆಯನ್ನು ನಾನು ಸ್ವಲ್ಪ ಸಾವಕಾಶ ಹೇಳುತ್ತೇನೆ. ನಿಮಗೆ ಬೇಸರವಾದರೂ ಓದಿ, ಯಾಕೆಂದರೆ ನೀವು ಕೇಳದೆ ಬಿಟ್ಟ ಮಾತು ಇದರಲ್ಲೇ ಇದೆ.

ನಮ್ಮದು ಕುರಿ ಸಾಕುವ ಮನೆತನ. ಈಗ ಹೊಲವೂ ಇದೆ, ಕುರಿಯೂ ಇವೆ. ಅರ್ಚನಾ ನಮ್ಮ ವಂಶದಲ್ಲೇ ಇಲ್ಲದ ಎತ್ತರ ಬೆಳೆದಿದ್ದಳು. ಶಾಲೆಯ ಸೂಟಿಯಲ್ಲಿ ನಿಡಸೋಸಿಗೆ ಹೋದಾಗ ಅಲ್ಲಿನ ಇಂಜಿನಿಯರಿಂಗ್ ಕಾಲೇಜಿನ ಮೈದಾನದಲ್ಲಿ ಹುಡುಗ ಹುಡುಗಿಯರು ಬಾಸ್ಕೆಟ್‌ಬಾಲ್ ಆಡುವುದನ್ನು ಬೇಲಿಯ ಹೊರಗೆ ನಿಂತು ನೋಡಿಬಂದಳು. ಬಂದವಳೇ ಅವರಪ್ಪನಿಗೆ ಗಂಟುಬಿದ್ದು, ಹೆಂಡಿ, ಅಂದರೆ ಸಗಣಿ, ಹೊರುವ ಬಿದಿರಿನ ಬುಟ್ಟಿಯ ತಳ ತೆಗೆಸಿ, ಅಂಗಳದ ಬೇವಿನ ಗಿಡಕ್ಕೆ ಕಟ್ಟಿಸಿದಳು. ನಮ್ಮ ಅತ್ತೆ ಎರಡು ದಿನ ಬೈದಳು. "ಇನ್ನ ಹೆಂಡಿ ನಿಮ್ಮಪ್ಪನ ತಲಿಮ್ಯಾಲ ಹೊರ್ಲೇನ?" ಮೂರನೇ ದಿನ ಆಕೆಯೇ ಚೆಂಡು ಆರಿಸಿ ಆರಿಸಿ ಕೊಡುತ್ತಿದ್ದಳು. ಆ ಬುಟ್ಟಿ ಯಾರ ಮೇಲೂ ಬೀಳಲಿಲ್ಲ. ಬಿದ್ದಿದ್ದರೂ ಒಂದಿಷ್ಟು ಒಣ ಹೆಂಡಿ ತಲೆಯ ಮೇಲೆ ಉದುರುತ್ತಿತ್ತು, ಅಷ್ಟೇ.

ಆದರೆ ಮಗಳು ಚಲೋ ಆಡುತ್ತಾಳೆ, ಇನ್ನಷ್ಟು ಚಲೋ ಸಾಮಾನು ಕೊಡಿಸಬೇಕು ಎಂದು ಯಾವ ತಂದೆಗೆ ಅನ್ನಿಸುವುದಿಲ್ಲ? ನನ್ನ ಗಂಡ ಸಿದ್ರಾಯ ಮರಿ ಮಾರಿದ ಸಂತೆಯ ದಿನವೇ ಗೋಕಾಕಕ್ಕೆ ಹೋಗಿ ಬಾಸ್ಕೆಟ್‌ಬಾಲ್ ಸ್ಟ್ಯಾಂಡ್ ಕೊಂಡು ಬಂದರು. ಎತ್ತರದ ಕಬ್ಬಿಣದ ಕಂಬ, ಮೇಲೆ ದಪ್ಪ ಹಲಗೆ, ಹಲಗೆಗೆ ಕೆಂಪು ಬಣ್ಣದ ಕಬ್ಬಿಣದ ರಿಂಗ್. ಬುಡದಲ್ಲಿ ಟೊಳ್ಳು ಪ್ಲಾಸ್ಟಿಕ್ ಪೆಟ್ಟಿಗೆ, ಅದಕ್ಕೆ ಎರಡು ಗಾಲಿ. ಗೋಕಾಕದ ಆ ಅಂಗಡಿ ತಾತ್ಯಾಸಾಹೇಬ ಕಾಕಾ ಅವರದು. ಕ್ರಿಕೆಟ್ ಬ್ಯಾಟು, ಕೇರಂ ಬೋರ್ಡು, ಗೆದ್ದವರಿಗೆ ಕೊಡುವ ಕಪ್ಪು ಮಾರುವ ಹಳೆಯ ಅಂಗಡಿ. ಅವರು ತಾವೇ ಟೆಂಪೋದಲ್ಲಿ ಬಂದು ಸ್ಟ್ಯಾಂಡನ್ನು ಜೋಡಿಸಿ, ನಮ್ಮ ಬೋರಿನ ಪೈಪು ಹಿಡಿದು ಬುಡದ ಪೆಟ್ಟಿಗೆಗೆ ನೀರು ಬಿಟ್ಟು, ಬಿರಡೆ ತಿರುವಿ, "ಇದರಾಗ ನೀರ ತುಂಬಿ ಇಡಬೇಕ್ರಿ" ಎಂದರು.

ನಮ್ಮ ಅತ್ತೆ ತಲೆ ಅಲ್ಲಾಡಿಸಿ, "ಹೂಂನ್ರಿ, ಹೊಸಾದು ನೆನೀಬೇಕಲ್ಲ" ಎಂದಳು.

ತಾತ್ಯಾಸಾಹೇಬ ಕಾಕಾ ಕೂಡ ತಲೆ ಅಲ್ಲಾಡಿಸಿದರು. ಅವರು ಬೇರೆ ಏನೂ ಕೇಳಿಸಿಕೊಂಡಿರಲಿಲ್ಲ. ಆಕೆ ಹೂಂ ಎಂದದ್ದೇ ಅವರಿಗೆ ಸಾಕಾಗಿತ್ತು. ಮುಂದೆ ಮೂಡಲಗಿಗೆ ವಾಲಿಬಾಲ್ ನೆಟ್ಟು ಮುಟ್ಟಿಸುವುದಿತ್ತು, ಹೋದರು. ಈ ಮಾತನ್ನು ಅವರೇ ನನಗೆ ಆಮೇಲೆ ಹೇಳಿದ್ದು.

ಈಗ ನಿಮಗೆ ನಮ್ಮ ಕಡೆಯ ಒಂದು ರೂಢಿ ತಿಳಿಸಬೇಕು. ಹೊಸ ಗಡಿಗೆ ತಂದರೆ ಕೆಲವು ದಿನ ನೀರು ತುಂಬಿ ಇಡುತ್ತೇವೆ, ಮಣ್ಣಿನ ವಾಸನೆ ಹೋಗಿ ಗಡಿಗೆ ಗಟ್ಟಿಯಾಗಲಿ ಎಂದು. ಸಿಮೆಂಟಿನ ಹೊಸ ಟಾಕಿ ಕಟ್ಟಿಸಿದರೆ ನೀರು ನಿಲ್ಲಿಸಿ ನೆನೆ ಹಾಕುತ್ತೇವೆ, ಬಿರುಕು ಬಿಡಬಾರದು ಎಂದು. ನೆನೆದು ಪಕ್ಕಾ ಆದ ಮೇಲೆ ಆ ನೀರು ಚೆಲ್ಲುತ್ತೇವೆ. ಹೊಸ ಪಾತ್ರೆಗೆ ನೀರು ತುಂಬಿ ಇಡಿ ಎಂದು ಯಾರಾದರೂ ಹೇಳಿದರೆ, ಯಾಕೆ ಎಂದು ಕೇಳುವವರು ನಮ್ಮ ಊರಲ್ಲಿ ಇಲ್ಲ, ಯಾಕೆಂದರೆ ಅದು ಎಲ್ಲರಿಗೂ ಗೊತ್ತು. ಆ ನೀರೇ ಕಂಬವನ್ನು ಹಿಡಿದು ನಿಲ್ಲಿಸಿರುವ ಭಾರ, ಅದು ಹೋದರೆ ಇಡೀ ಸ್ಟ್ಯಾಂಡು ಚಿಕ್ಕ ಹುಡುಗಿ ಎಳೆದರೂ ಮಗುಚುತ್ತದೆ ಎಂಬುದು ನಮ್ಮಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ. ಅತ್ತೆಗೆ ಗೊತ್ತಿರಲಿಲ್ಲ, ನನ್ನ ಗಂಡನಿಗೆ ಗೊತ್ತಿರಲಿಲ್ಲ, ಬಿ.ಎ. ಓದಿದ ನನಗೂ ಗೊತ್ತಿರಲಿಲ್ಲ. ನಿಮಗೆ ಗೊತ್ತಿತ್ತೇ? ಖರೆ ಹೇಳಿ. ಈ ಕಡತ ನಿಮ್ಮ ಮೇಜಿಗೆ ಬರುವ ಮೊದಲು ಗೊತ್ತಿತ್ತೇ?

ಹಾಗಾದರೆ ಸಾಮಾನಿನ ಮೇಲೆ ಎಚ್ಚರಿಕೆ ಬರೆದಿರಲಿಲ್ಲವೇ ಎಂದು ಕೇಳುತ್ತೀರಿ. ಬರೆದಿತ್ತು. ಬುಡದ ಪೆಟ್ಟಿಗೆಯ ಹಿಂಭಾಗದಲ್ಲಿ ಬೆಂಕಿಪೊಟ್ಟಣದಷ್ಟು ದೊಡ್ಡ ಚೀಟಿ. ಒಂದು ಕಡೆ ಇಂಗ್ಲಿಷ್, ಇನ್ನೊಂದು ಕಡೆ ಯಾವ ದೇಶದ್ದೋ ಲಿಪಿ. ಶಬ್ದಕೋಶ ಇಟ್ಟುಕೊಂಡು ನಾನು ಅದನ್ನು ಈಗ ಓದಿದ್ದೇನೆ. ಪೆಟ್ಟಿಗೆ ಪೂರ್ತಿ ತುಂಬದೆ ಬಳಸಿದರೆ ತೀವ್ರ ಗಾಯ ಅಥವಾ ಸಾವು ಎಂದು ಅದರಲ್ಲಿದೆ. ಮೊದಲೇ ಯಾಕೆ ಓದಲಿಲ್ಲ ಎಂದರೆ, ಮಕ್ಕಳ ಆಟದ ಸಾಮಾನಿನ ಬೆನ್ನ ಮೇಲೆ ಸಾವಿನ ಮಾತು ಬರೆದಿರುತ್ತದೆ ಎಂದು ಯಾವ ತಾಯಿ ಬಗ್ಗಿ ಹುಡುಕುತ್ತಾಳೆ? ನಮ್ಮ ಅತ್ತೆಗೆ ಓದಲು ಬರುವುದಿಲ್ಲ, ಆದರೆ ಅಕ್ಷರದ ಮೇಲೆ ಬಹಳ ಭಕ್ತಿ. ಅಕ್ಷರ ಇರುವ ಕಡೆ ಕಾಲು ತಾಗಬಾರದು ಎಂದು ಅರ್ಚನಾಗೆ ಹೇಳಿ, ಆ ಚೀಟಿ ಗೋಡೆಯ ಕಡೆ ಬರುವಂತೆ ಸ್ಟ್ಯಾಂಡು ತಿರುಗಿಸಿ ಇಟ್ಟವಳು ಆಕೆಯೇ. ಹಬ್ಬದ ದಿನ ಅದರ ಮೇಲೆ ವಿಭೂತಿ ಬಳಿದು ಕುಂಕುಮವನ್ನೂ ಇಟ್ಟಳು. ನಿಮ್ಮ ಕಾನೂನಿನ ಎಚ್ಚರಿಕೆಗೆ ಅಷ್ಟು ಗೌರವವನ್ನು ನಿಮ್ಮ ಕಚೇರಿಯೂ ಕೊಟ್ಟಿರಲಿಕ್ಕಿಲ್ಲ.

ಇನ್ನೊಂದು ಬರಹವನ್ನು ಮಾತ್ರ ನಮ್ಮ ಊರಲ್ಲಿ ಎಲ್ಲರೂ ಓದಿದ್ದಾರೆ, ಓದಲು ಬಾರದವರೂ ಕೇಳಿ ತಿಳಿದಿದ್ದಾರೆ. ನಾನು ಕೂರುವ ಗ್ರಂಥಾಲಯದ ಗೋಡೆಯ ಮೇಲೆ ಆಳೆತ್ತರದ ಕನ್ನಡ ಅಕ್ಷರದಲ್ಲಿ, ಮನೆಯಲ್ಲಿ ನೀರು ನಿಲ್ಲಲು ಬಿಡಬೇಡಿ, ಸೊಳ್ಳೆ ಬೆಳೆಯುತ್ತವೆ ಎಂದು ಬರೆಸಿದ್ದಾರೆ. ಆಶಾ ಕಾರ್ಯಕರ್ತೆ ಮನೆಮನೆಗೆ ಬಂದು ಬ್ಯಾರಲ್ಲು, ಹಳೆ ಟೈರು, ಹೂವಿನ ಕುಂಡ ಎಲ್ಲ ಬಗ್ಗಿ ನೋಡಿ ಹೇಳಿ ಹೋಗಿದ್ದಾಳೆ. ಅದನ್ನು ಬರೆಸಿದ್ದು ಸರಕಾರವೇ. ಆಗ ನಿಮಗೆ ಕನ್ನಡವೂ ಸಿಕ್ಕಿತ್ತು, ದೊಡ್ಡ ಅಕ್ಷರವೂ ಸಿಕ್ಕಿತ್ತು, ಬಣ್ಣವೂ ಸಿಕ್ಕಿತ್ತು.

ಮಾನವಮಿಯ ದಿನ ನಮ್ಮಲ್ಲಿ ಖಂಡೇಪೂಜೆ. ದುಡಿಯುವ, ಕಲಿಯುವ ಸಾಮಾನನ್ನೆಲ್ಲ ತೊಳೆದು ದೇವರ ಮುಂದೆ ಇಟ್ಟು ಪೂಜೆ ಮಾಡುತ್ತೇವೆ. ಉಣ್ಣೆ ಕತ್ತರಿಸುವ ಕತ್ತರಿ, ಕುಡುಗೋಲು, ಟ್ರ್ಯಾಕ್ಟರು, ನನ್ನ ಹೊಲಿಗೆ ಯಂತ್ರ, ಮಕ್ಕಳ ಪಾಟಿಚೀಲ. ಈ ಸಲ ಅರ್ಚನಾಳ ಸ್ಟ್ಯಾಂಡನ್ನೂ ಪೂಜೆಗೆ ಸೇರಿಸಬೇಕೆಂದು ಅತ್ತೆಯೇ ಹಟ ಹಿಡಿದಳು. "ನನ್ನ ಮೊಮ್ಮಗಳ ಆಯುಧ ಅದು" ಎಂದಳು. ಎಷ್ಟೋ ದಿನದಿಂದ ನಿಂತ ನೀರನ್ನು ಹೊಟ್ಟೆಯಲ್ಲಿಟ್ಟುಕೊಂಡ ಸಾಮಾನು ಪೂಜೆಗೆ ಕೂರಬಾರದು; ಅಲ್ಲದೆ ಅದು ನೆನೆದು ಪಕ್ಕಾ ಆಗಿರಬೇಕು. ಬಿರಡೆ ಬಿಚ್ಚಿ, ಸ್ಟ್ಯಾಂಡು ವಾರೆ ಮಾಡಿ, ನೀರನ್ನು ಬೇವಿನ ಬುಡಕ್ಕೆ ಹರಿಸಿದಳು. ಒಳಗೆ ಸ್ವಚ್ಛ ನೀರು ಹಾಕಿ ಕಲುಕಿ ಮತ್ತೆ ಚೆಲ್ಲಿದಳು. ಚೆಂಡು ಹೂವಿನ ಹಾರ ಮಾಡಿ, ರಿಂಗಿಗೆ ಸುತಳಿಯಿಂದ ಕಟ್ಟಿಸಿದಳು. ಕುರಿ ಕೂಡಿಹಾಕುವ ದಡ್ಡಿಯ ಬಲೆಗೆ ಹಾಕುವ ಗಂಟು ಅದು, ಎಳೆದಷ್ಟೂ ಬಿಗಿಯಾಗುತ್ತದೆ. ಇದಿಷ್ಟನ್ನು ನೀವು ನಿರ್ಲಕ್ಷ್ಯ ಎಂದು ಕರೆದಿದ್ದೀರಿ. ಲಕ್ಷ್ಯ ಎಂದರೆ ಇನ್ನು ಹೇಗಿರುತ್ತದೆ ಎಂದು ನನಗೆ ತಿಳಿಯದು.

ಖಂಡೇಪೂಜೆಯ ದಿನ ಪೂಜೆಗೆ ಇಟ್ಟ ಸಾಮಾನನ್ನು ಮುಟ್ಟಬಾರದು. ಅರ್ಚನಾ ಇಡೀ ದಿನ ಚೆಂಡು ಹಿಡಿದುಕೊಂಡು ಸುಮ್ಮನೆ ಸುತ್ತಾಡಿದಳು. ಮರುದಿನ ದಸರಾ. ಹೊಸ ಅಂಗಿ ಹಾಕಿಕೊಂಡು ಮನೆಮನೆಗೆ ಹೋಗಿ ಬನ್ನಿ ಕೊಟ್ಟು ಬಂದಳು. ನಾನು ಬಾಜೂ ಮನೆಗೆ ಬನ್ನಿ ಕೊಡಲು ಹೋಗಿದ್ದೆ. ಅತ್ತೆ ಕಟ್ಟೆಯ ಮೇಲೆ ನನ್ನ ಸಣ್ಣ ಮಗಳು ಮಾಯಾಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಅರ್ಚನಾ ಆಕೆಗೂ ಬನ್ನಿ ಕೊಟ್ಟು, ಕಾಲು ಮುಟ್ಟಿ, "ಆಯಿ, ಇವತ್ತ ಆಡಬಹುದಲ್ಲ?" ಎಂದು ಕೇಳಿದಳು.

"ಹೂಂ, ಆಡವ್ವಾ" ಎಂದಳು ನಮ್ಮ ಅತ್ತೆ.

ಹಾರ ಇನ್ನೂ ರಿಂಗಿಗೆ ಇತ್ತು. ಚೆಂಡು ಹೋಗಲು ಅಡ್ಡ ಬರುತ್ತಿತ್ತು. ಅದನ್ನು ಬಿಡಿಸಲು ಮಗಳು ಜಿಗಿದು ಹಾರ ಹಿಡಿದು ಎಳೆದಳು. ಸುತಳಿ ಹರಿಯಲಿಲ್ಲ, ಗಂಟು ಬಿಚ್ಚಲಿಲ್ಲ. ಕಂಬ, ಹಲಗೆ, ರಿಂಗ್ ಎಲ್ಲ ಅವಳ ಮೇಲೆ ಬಂದವು. ನಾನು ಓಡಿ ಬಂದಾಗ ಅತ್ತೆ ಒಂದು ಕೈಯಲ್ಲಿ ಮಾಯಾಳನ್ನು ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಆ ಕಂಬ ಎತ್ತುತ್ತಿದ್ದಳು. ಗೋಕಾಕದ ದಾರಿಯಲ್ಲಿ, ನನ್ನ ತೊಡೆಯ ಮೇಲೆ, ಅರ್ಚನಾ ಹೋದಳು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದ ಆಗುವುದಿಲ್ಲ.

ನಿಮ್ಮ ಕಚೇರಿಯಿಂದ ಸ್ಥಳ ಪರಿಶೀಲನೆಗೆ ಒಬ್ಬರು ಬಂದರು. ಒಳ್ಳೆಯವರಂತೆ ಕಂಡರು. ಸ್ಟ್ಯಾಂಡಿನ ಫೋಟೋ ತೆಗೆದರು, ಅಂಗಳ ಅಳೆದರು, ಬೇವಿನ ಗಿಡದ ಬುಡವನ್ನೂ ನೋಡಿದರು. ಆಮೇಲೆ ಒಂದೇ ಪ್ರಶ್ನೆ ಕೇಳಿದರು: "ನೀರ ಚೆಲ್ಲಿದ್ದು ಯಾರು?" ನಮ್ಮ ಅತ್ತೆ ಎದ್ದು ನಿಂತು, ಸೆರಗು ಸರಿಮಾಡಿಕೊಂಡು, "ನಾ ಚೆಲ್ಲೇನ್ರಿ" ಎಂದಳು. ಅವರು ಬರೆದುಕೊಂಡು ಹೊರಟರು. ಯಾಕೆ ಚೆಲ್ಲಿದಿ ತಾಯಿ ಎಂದು ಇನ್ನೊಂದು ಪ್ರಶ್ನೆ ಕೇಳಿದ್ದರೆ ಗಡಿಗೆಯ ವಿಷಯ, ಟಾಕಿಯ ವಿಷಯ, ಖಂಡೇಪೂಜೆಯ ವಿಷಯ ಎಲ್ಲ ಹೇಳುತ್ತಿದ್ದಳು. ಗೊತ್ತಿಲ್ಲದವರಿಗೆ ತಿಳಿಸುವ ಹೊಣೆ ಯಾರದಾಗಿತ್ತು ಎಂದು ಆ ಬಂದವರಿಗೂ ಹೊಳೆಯುತ್ತಿತ್ತೋ ಏನೋ. ಆದರೆ ಎರಡನೇ ಪ್ರಶ್ನೆ ಕೇಳಿದರೆ ಕಡತ ಉದ್ದವಾಗುತ್ತದೆ.

ನಿಮ್ಮ ಉತ್ತರದ ಉಳಿದ ಭಾಗವೂ ನನಗೆ ಬಾಯಿಪಾಠವಾಗಿದೆ. ಸದರಿ ವಸ್ತು ಕ್ರೀಡಾ ಸಲಕರಣೆಯಾಗಿರುವುದರಿಂದ ಮಕ್ಕಳ ಆಟಿಕೆಯ ನಿಯಮ ಅದಕ್ಕೆ ಅನ್ವಯಿಸುವುದಿಲ್ಲವಂತೆ. ಅದನ್ನು ಶಾಲೆಯಾಗಲೀ ಕ್ರೀಡಾಸಂಸ್ಥೆಯಾಗಲೀ ಬಳಸದೆ ಮನೆಯಲ್ಲಿ ಬಳಸಿರುವುದರಿಂದ ಕ್ರೀಡಾ ಸಲಕರಣೆಯ ತಪಾಸಣೆಯೂ ಅನ್ವಯಿಸುವುದಿಲ್ಲವಂತೆ. ಬಹಳ ಅಚ್ಚುಕಟ್ಟು. ಮಗು ಆಡಿದರೆ ಅದು ಆಟಿಕೆಯಲ್ಲ, ಮನೆಯಲ್ಲಿದ್ದರೆ ಅದು ಕ್ರೀಡೆಯಲ್ಲ. ಎರಡೂ ಬೇಲಿಗಳ ನಡುವೆ ಇಂಥ ಒಂದು ಬಯಲು ಬಿಟ್ಟಿದ್ದೀರಿ ಎಂದು ನಮಗೆ ಮೊದಲೇ ತಿಳಿಸಿದ್ದರೆ ಮಗಳನ್ನು ಅಲ್ಲಿ ಆಡಲು ಬಿಡುತ್ತಿರಲಿಲ್ಲ.

ಸರಿ, ಮಾರಿದವರನ್ನಾದರೂ ಕೇಳೋಣ ಎಂದು ತಾತ್ಯಾಸಾಹೇಬ ಕಾಕಾ ಅವರ ಅಂಗಡಿಗೆ ಹೋದೆ. ಜಗಳ ಮಾಡಬೇಕೆಂದೇ ಹೋಗಿದ್ದೆ. ಅವರು ನನ್ನನ್ನು ನೋಡಿ ಗಿರಾಕಿಯನ್ನು ಅರ್ಧಕ್ಕೆ ಬಿಟ್ಟು ಎದ್ದುಬಂದು, ಕೂತ ಖುರ್ಚಿ ಕೊಟ್ಟು, ತಾವು ನೆಲದ ಮೇಲೆ ಕೂತರು. ಅವರಿಗೂ ವಯಸ್ಸಾಗಿದೆ. "ಅವ್ವಾ, ನನಗ ಹೇಳಿದವ್ರ 'ನೀರ ತುಂಬ್ರಿ' ಅಂತ ಅಷ್ಟ ಹೇಳ್ಯಾರ. ಅಷ್ಟ ನಾ ನಿಮಗ ಹೇಳೇನಿ. ಯಾಕ ಅಂತ ನಾನೂ ಕೇಳಲಿಲ್ಲ" ಎಂದರು. ಸಾಮಾನು ಕೊಲ್ಹಾಪುರದ ಒಬ್ಬ ಸಗಟು ವ್ಯಾಪಾರಿಯಿಂದ ಬಂದದ್ದು. ಅವನಿಗೆ ಫೋನು ಹಚ್ಚಿಕೊಟ್ಟರು. ಅವನು ಮುಂಬಯಿಯ ಒಂದು ಕಂಪನಿಯ ಹೆಸರು ಹೇಳಿದ. ಆ ಹೆಸರಿನ ಫೋನು ಯಾರೂ ಎತ್ತಲಿಲ್ಲ. ಡಬ್ಬಿಯ ಮೇಲಿದ್ದ ವಿಳಾಸಕ್ಕೆ ಕಳಿಸಿದ ಪತ್ರ, ಇಂಥವರು ಇಲ್ಲಿ ಇಲ್ಲ ಎಂದು ತಿರುಗಿ ಬಂತು. ತಾತ್ಯಾಸಾಹೇಬ ಕಾಕಾ ಉಳಿದಿದ್ದ ಸ್ಟ್ಯಾಂಡುಗಳನ್ನು ಆ ದಿನವೇ ಅಂಗಡಿಯಿಂದ ತೆಗೆದು ಗೋಡೌನಿಗೆ ಹಾಕಿದರು. "ಪಾಪ ನನಗೂ ಸುತ್ತಿಕೊಂಡೈತಿ, ಆದ್ರ ನಾ ಒಬ್ಬಾವನ ಹೊತ್ರ ಉಳದ ಮಂದಿ ಆರಾಮ ಇರ್ತಾರ" ಎಂದರು. ನಾನು ಜಗಳ ಮಾಡದೆ ಬಂದೆ.

ನಮ್ಮದೊಂದೇ ಮನೆಯಾಗಿದ್ದರೆ ನಮ್ಮ ಹಣೆಬರಹ ಎಂದು ಸುಮ್ಮನಿರುತ್ತಿದ್ದೆನೇನೋ. ತಾತ್ಯಾಸಾಹೇಬ ಕಾಕಾ ಅವರೇ ಹೇಳಿದ ಮೇಲೆ ಹತ್ತರಗಿಯಲ್ಲಿ ಹೆದ್ದಾರಿ ಪಕ್ಕದ ಒಂದು ಮನೆಗೆ ಹೋದೆ. ಅವರ ಸಂಬಂಧಿಕರ ಮನೆ ಅದು. ಸೀತಾಬಾಯಿ ಎಂಬ ಅಜ್ಜಿಗೆ ಮೊಣಕಾಲು ನೋವು ಎಂದು ಮಗ ಮನೆಯೊಳಗೆ ನಡೆಯುವ ಟ್ರೆಡ್‌ಮಿಲ್ ತಂದಿದ್ದ. ಆಕೆ ನಡೆಯುತ್ತಿದ್ದಾಗ ಮೊಮ್ಮಗ ಪ್ರತೀಕ ಹಿಂದಿನಿಂದ ಚೆಂಡು ತೆಗೆಯಲು ಕೈ ಹಾಕಿದ. ಓಡುವ ಪಟ್ಟಿ ಬೆರಳುಗಳನ್ನು ಒಳಗೆ ಎಳೆದುಕೊಂಡಿತು. ಈಗ ಆ ಕೈಯಲ್ಲಿ ಹೆಬ್ಬೆರಳು, ಕಿರುಬೆರಳು ಮಾತ್ರ ಇವೆ. ಮಕ್ಕಳ ಕೈ ಹೋಗದಂತೆ ಹಿಂದೆ ಒಂದು ತಡೆ ಯಾಕೆ ಇಲ್ಲ ಎಂದು ಅವರೂ ದೂರು ಕೊಟ್ಟಿದ್ದರು. ಅವರಿಗೆ ಬಂದ ಉತ್ತರವನ್ನು ಸೀತಾಬಾಯಿ ನನಗೆ ತೋರಿಸಿದರು. ಹಿರಿಯ ಮಹಿಳಾ ಸದಸ್ಯರ ನಿರ್ಲಕ್ಷ್ಯ. ಅದೇ ಮಾತು, ಅದೇ ಒಕ್ಕಣೆ. ಮಾನ್ಯರೇ, ನಮ್ಮ ಕಡೆ ಮಗ ಸೊಸೆ ದುಡಿಯಲು ಹೋದ ಮೇಲೆ ಮಕ್ಕಳ ಹತ್ತಿರ ಇರುವವರು ಅಜ್ಜಿಯಂದಿರು. ಏನೇ ಬಿದ್ದರೂ, ಏನೇ ಸಿಕ್ಕಿಕೊಂಡರೂ, ಆಗ ಅಲ್ಲಿ ಇರುವವಳು ಅವಳೇ. ನಿಮ್ಮ ಲೆಕ್ಕದಲ್ಲಿ ಹತ್ತಿರ ಇದ್ದವಳೇ ಅಪರಾಧಿ, ದೂರ ಇದ್ದವರೆಲ್ಲ ನಿರಪರಾಧಿಗಳು.

ಈಗ ನಾನು ಈ ಪತ್ರ ಬರೆಯಲು ನಿಜವಾದ ಕಾರಣ ಹೇಳುತ್ತೇನೆ.

ನಿಮ್ಮ ಉತ್ತರ ಬಂದ ದಿನ ನಾನು ಗ್ರಂಥಾಲಯದಲ್ಲಿದ್ದೆ, ನನ್ನ ಗಂಡ ಹೊಲದಲ್ಲಿದ್ದರು. ನಿಮ್ಮ ಕಚೇರಿಯ ಸಿಪಾಯಿ ಮನೆಗೆ ಹೋದ. ಬಿಸಿಲಲ್ಲಿ ಬಂದಿದ್ದಾನೆಂದು ಅತ್ತೆ ಅವನಿಗೆ ಮಜ್ಜಿಗೆ ಕೊಟ್ಟಳು. ಕಾಗದ ಮುಟ್ಟಿದ್ದಕ್ಕೆ ಹೆಬ್ಬೆಟ್ಟು ಬೇಕು ಎಂದ. "ಏನ ಬರದಾರ ಓದಿ ಹೇಳಪಾ, ಆಮ್ಯಾಲ ಒತ್ತತೇನಿ" ಎಂದಳು. ಅವನು ಓದಿದ. ಆ ಕನ್ನಡ ಆಕೆಗೆ ತಿಳಿಯಲಿಲ್ಲ. "ಅಂದ್ರ?" ಎಂದು ಕೇಳಿದಳು. "ಅಂದ್ರ, ಆಯಿ, ತಪ್ಪು ನಿಮ್ಮ ಮನ್ಯಾಗಿನ ಹಿರೇ ಹೆಣಮಗಳದು ಅಂತ" ಎಂದ. "ಹಿರ್ಯಾಕಿ ನಾನ ಅದೇನಿ" ಎಂದು ನಮ್ಮ ಅತ್ತೆ ಹೆಬ್ಬೆಟ್ಟು ಒತ್ತಿದಳು. ಆ ಸಿಪಾಯಿ ಅಲ್ಲಿಂದ ನೇರ ನನ್ನ ಹತ್ತಿರ ಬಂದು ಇದೆಲ್ಲ ಹೇಳಿ, "ಅಕ್ಕಾರ, ನಾ ಓದಬಾರದಿತ್ತು" ಎಂದು ಕಣ್ಣು ಒರೆಸಿಕೊಂಡ. ಅವನ ಮೇಲೆ ನೀವು ಕ್ರಮ ಕೈಗೊಳ್ಳಬೇಡಿ. ನಿಮ್ಮ ಕಚೇರಿಯಲ್ಲಿ ಈ ಕಡತವನ್ನು ಓದಿ ಅತ್ತವನು ಅವನೊಬ್ಬನೇ.

ಆ ದಿನದಿಂದ ನಮ್ಮ ಅತ್ತೆ ಮಾಯಾಳನ್ನು ಎತ್ತಿಕೊಂಡಿಲ್ಲ. ಮಾಯಾಗೆ ಈಗಷ್ಟೇ ನಡೆಯಲು ಬಂದಿದೆ. ಹುಟ್ಟಿದಾಗಿನಿಂದ ಆಯಿಯ ತೊಡೆಯ ಮೇಲೆ ಬೆಳೆದ ಮಗು. ಅರ್ಚನಾ ಹೋದ ಮೇಲೂ, ಅಷ್ಟು ದುಃಖದಲ್ಲೂ, ಆಕೆಯನ್ನು ಬದುಕಿಸಿದ್ದು ಈ ಮಗುವೇ. ಇದನ್ನು ಎದೆಗೆ ಅವಚಿಕೊಂಡು ಅಳುತ್ತಿದ್ದಳು, ಆಮೇಲೆ ಇದಕ್ಕೆ ಉಣಿಸಬೇಕೆಂದು ಏಳುತ್ತಿದ್ದಳು. ಈಗ ಮಗು ಹತ್ತಿರ ಹೋದರೆ ಎದ್ದು ದನದ ಕೊಟ್ಟಿಗೆಗೆ ಹೋಗಿ ಕೂರುತ್ತಾಳೆ. "ನನ್ನ ಕೈ ಚಲೋ ಅಲ್ಲ, ಇದನ್ನ ನನ್ನ ಕಡೆ ಬಿಡಬ್ಯಾಡ್ರಿ" ಎನ್ನುತ್ತಾಳೆ. ಒಂದು ಹೊತ್ತು ಉಂಡರೆ ಉಂಡಳು. ತಂಬಿಗೆಯಲ್ಲಿ ಉಳಿದ ನೀರು ಚೆಲ್ಲಲೂ ನನ್ನನ್ನು ಕರೆಯುತ್ತಾಳೆ.

ನಾನು ಆಕೆಯ ಮೇಲೆ ಸಿಟ್ಟಾಗಲೇ ಇಲ್ಲ ಎಂದರೆ ನೀವು ನಂಬುವುದಿಲ್ಲ, ನಂಬಲೂ ಬೇಡಿ. ಮೊದಲ ದಿನಗಳಲ್ಲಿ ಆಕೆಯ ಮುಖ ನೋಡಲು ನನ್ನಿಂದ ಆಗುತ್ತಿರಲಿಲ್ಲ. ಆಮೇಲೆ ಆಕೆ ಬಿಡಿಬಿಡಿಸಿ ಹೇಳಿದ್ದನ್ನೆಲ್ಲ ಕೇಳಿದೆ. ಆಕೆಯ ಜಾಗದಲ್ಲಿ ನಾನಿದ್ದರೂ ಅದೇ ನೀರು ಚೆಲ್ಲುತ್ತಿದ್ದೆ. ಅದನ್ನು ಆಕೆಗೆ ಹೇಳಿದ್ದೇನೆ. ನನ್ನ ಗಂಡ ಹೇಳಿದ್ದಾರೆ, ತಾತ್ಯಾಸಾಹೇಬ ಕಾಕಾ ಗೋಕಾಕದಿಂದ ಬಂದು ಕೈ ಮುಗಿದು ಹೇಳಿದ್ದಾರೆ, ಊರ ಹಿರಿಯರು ಹೇಳಿದ್ದಾರೆ. ಆಕೆ ಎಲ್ಲರ ಮಾತನ್ನೂ ತಲೆ ಬಗ್ಗಿಸಿ ಕೇಳಿ ಕೊನೆಗೆ ನನಗೆ ಒಂದೇ ಮಾತು ಹೇಳುತ್ತಾಳೆ. "ನೀವು ಮನಿ ಮಂದಿ, ನನ್ನ ಮ್ಯಾಲಿನ ಪ್ರೀತಿಗೆ ಹೇಳತೀರಿ. ಸರಕಾರ ಸುಳ್ಳ ಬರೀತೈತೇನ ತಂಗಿ? ಶಿಕ್ಕಾ ಬಿದ್ದೈತಿ."

ನಿಮ್ಮ ಶಿಕ್ಕಾದ ಮೇಲೆ ಆಕೆಗೆ ಇಷ್ಟು ನಂಬಿಕೆ ಯಾಕೆ ಎಂದು ಕೇಳಿ. ನನ್ನ ಮಾವ ಶೆಟ್ಟೆಪ್ಪ ಸಣ್ಣ ವಯಸ್ಸಿನಲ್ಲೇ ತೀರಿಹೋದಾಗ ಮೈದುನರು ಹೊಲ ಬಿಡಿಸಿಕೊಳ್ಳಲು ನೋಡಿದರು. ಆಕೆ ಕಂಕುಳಲ್ಲಿ ಮಗನನ್ನು ಹೊತ್ತುಕೊಂಡು ಗೋಕಾಕದ ಕಚೇರಿಗೆ ತಿರುಗಿ ತಿರುಗಿ ತನ್ನ ಹೆಸರಿಗೆ ಒಂದು ಕಾಗದ ತಂದಳು. ಅದರ ಮೇಲೆ ಇಂಥದೇ ನೀಲಿ ಶಿಕ್ಕಾ ಇತ್ತು. ಅದನ್ನು ನೋಡಿದ ಮೈದುನರು ಬೇಲಿ ಕಿತ್ತುಕೊಂಡು ಹಿಂದೆ ಸರಿದರು. ಅಂದಿನಿಂದ ಆಕೆಯ ಪಾಲಿಗೆ ಶಿಕ್ಕಾ ಬಿದ್ದದ್ದೆಲ್ಲ ಸತ್ಯ. ಜೀವನದಲ್ಲಿ ಒಮ್ಮೆ ನ್ಯಾಯ ಕೊಟ್ಟ ಸರಕಾರವನ್ನು ಆಕೆ ಇಂದಿಗೂ ನಂಬಿದ್ದಾಳೆ. ನಿಮ್ಮನ್ನು ಇಷ್ಟು ನಂಬುವವರು ಈ ಜಿಲ್ಲೆಯಲ್ಲಿ ಇನ್ನು ಬಹಳ ಮಂದಿ ಉಳಿದಿರಲಿಕ್ಕಿಲ್ಲ.

ಆದ್ದರಿಂದ ನನ್ನ ಬೇಡಿಕೆ ಕೇಳಿ. ಪರಿಹಾರದ ಹಣದ ಮಾತು ನಾನು ಎತ್ತುತ್ತಿಲ್ಲ. ಮನೆಗೆ ಮಾರುವ ಇಂಥ ಪ್ರತಿಯೊಂದು ಸಾಮಾನಿನ ಮೇಲೂ, ಸೊಳ್ಳೆಗೆ ಬರೆಸಿದಷ್ಟು ದೊಡ್ಡದಲ್ಲದಿದ್ದರೂ, ಕಣ್ಣಿಗೆ ಕಾಣುವ ಕನ್ನಡದಲ್ಲಿ ಬರೆಸಿ. ನೀರು ತುಂಬಿ ಎಂದಷ್ಟೇ ಬರೆಸಬೇಡಿ; ನೀರು ಚೆಲ್ಲಿದರೆ ಇದು ಬೀಳುತ್ತದೆ, ಮಗು ಸಾಯುತ್ತದೆ ಎಂದು ಬರೆಸಿ. ಓದಲು ಬಾರದವರಿಗೆ ಚಿತ್ರ ಬರೆಸಿ. ಬುಡ ಖಾಲಿಯಾದರೆ ಬೀಳುವ ಸ್ಟ್ಯಾಂಡು, ಮಗುವಿನ ಕೈ ನುಂಗುವ ಯಂತ್ರ ಮಾರುಕಟ್ಟೆಗೇ ಬಾರದಂತೆ ಮಾಡಿದರೆ ಇನ್ನೂ ಒಳ್ಳೆಯದು. ತಯಾರಿಸಿದವನ ಮತ್ತು ತರಿಸಿದವನ ವಿಳಾಸ ಗೊತ್ತಿಲ್ಲದೆ ಒಂದು ಸಾಮಾನೂ ಅಂಗಡಿಗೆ ಇಳಿಯಬಾರದು. ಏನಾದರೂ ಆದರೆ ಮೊದಲ ಪ್ರಶ್ನೆ ಅವರಿಗೆ ಹೋಗಲಿ, ಕಟ್ಟೆಯ ಮೇಲೆ ಕೂತ ಅಜ್ಜಿಗೆ ಬೇಡ. ಇದೆಲ್ಲ ಮಾಡಲು ನಿಮಗೆ ಸಮಿತಿ ಬೇಕು, ಸಭೆ ಬೇಕು, ಮೇಲಿನವರ ಒಪ್ಪಿಗೆ ಬೇಕು, ಗೊತ್ತು.

ಆದರೆ ಒಂದು ಕೆಲಸಕ್ಕೆ ಯಾರ ಒಪ್ಪಿಗೆಯೂ ಬೇಡ. ಅದೇ ಮೇಜು, ಅದೇ ಪೆನ್ನು ಸಾಕು. ನೀರು ಚೆಲ್ಲಿದ್ದು ಫಕೀರವ್ವನ ತಪ್ಪಲ್ಲ, ಆಕೆಗೆ ತಿಳಿಸದೆ ಇದ್ದವರ ತಪ್ಪು ಎಂದು ಒಂದು ಸಾಲು ಬರೆದು ಅದೇ ಶಿಕ್ಕಾ ಒತ್ತಿ. ಸಾಧ್ಯವಾದರೆ ಅಂಚೆಗೆ ಹಾಕಬೇಡಿ, ನೀವೇ ಬನ್ನಿ. ಆಕೆಯ ಎದುರು ಕೂತು, ನಮ್ಮ ಮಾತಿನಲ್ಲಿ, ನೀವೇ ಓದಿ ಹೇಳಿ. ಬೇಗ ಬನ್ನಿ. ಮಾಯಾ ದಿನಾ ಮುಂಜಾನೆ ಕೊಟ್ಟಿಗೆಯ ಬಾಗಿಲಿಗೆ ಹೋಗಿ, ಆಯಿಯ ಮುಂದೆ ಎರಡೂ ಕೈ ಮೇಲೆತ್ತಿ ನಿಲ್ಲುತ್ತಾಳೆ. ಆಯಿ ಗೋಡೆಯ ಕಡೆ ತಿರುಗುತ್ತಾಳೆ. ಮಗು ಕಾಯುತ್ತದೆ, ಕೈ ನೋಯುವವರೆಗೆ ಕಾಯುತ್ತದೆ, ಆಮೇಲೆ ಇಳಿಸುತ್ತದೆ. ಮಕ್ಕಳು ಬೇಗ ಮರೆಯುತ್ತಾರೆ. ಇವತ್ತೂ ನಿಂತಿದ್ದಳು. ನಾಳೆಯೂ ನಿಲ್ಲುತ್ತಾಳೆ ಎಂದು ನಾ ಹೇಳಲಾರೆ.

ಇಂತಿ,
ತಮ್ಮನ್ನು ನಂಬಬೇಕೋ ಬಿಡಬೇಕೋ ತಿಳಿಯದೆ ಕುಳಿತಿರುವ,
ಅರ್ಚನಾಳ ಅವ್ವ, ಫಕೀರವ್ವನ ಸೊಸೆ,
ದಾಕ್ಷಾಯಿಣಿ
ತುಕ್ಕಾನಟ್ಟಿ